ಹಟ್ಟಿಯ ಅಟ್ಟದಿಂದ ಇಳಿದ ಪಂಪು ಸ್ಟವ್

ಕುಂಬಳೆಯ ಗುಜರಿ ಅಂಗಡಿಯ ಇಚ್ಚನಿಗೆ ನನ್ನ ಹುಚ್ಚು ಗೊತ್ತಾಗಿ ಹೋಗಿದೆ. ಚಿಮಿಣಿ ಎಣ್ಣೆಯಲ್ಲಿ (ಸೀಮೆಎಣ್ಣೆ) ಉರಿಯುವ ಹಿತ್ತಾಳೆಯ ಪಂಪು ಸ್ಟವ್ ಬಂದರೆ ಕರಗಿಸುವವರಿಗೆ ಕೊಡುವ ಮೊದಲು ಒಂದು ಬದಿಗೆ ಎತ್ತಿಡುತ್ತಾನೆ. "ಮಾಷೇ, ತೂಕದ ಲೆಕ್ಕದಲ್ಲಿ ಕೊಂಡುಹೋಗಿ, ಉರಿದರೆ ನಿಮ್ಮ ಅದೃಷ್ಟ" ಎನ್ನುತ್ತಾನೆ. ಅದೃಷ್ಟಕ್ಕೆ ಬಿಡುವ ಮೊದಲು ನೋಡಬೇಕಾದ್ದು ಬಹಳ ಇದೆ.

ಮನೆಯ ಸ್ಟವ್ವೋ ಪ್ರಯಾಣದ್ದೋ ಎಂದು ಕಾಲು ನೋಡಿದರೆ ತಿಳಿಯುತ್ತದೆ. ಮನೆಯದ್ದರ ಕಾಲು ಟಾಂಕಿಗೆ ಬೆಸೆದಿರುತ್ತದೆ. ಕ್ಯಾಂಪಿಗೆ ಒಯ್ಯುವುದರಲ್ಲಿ ಕಾಲು ಕಳಚಿ, ಬರ್ನರ್ ತಿರುಗಿಸಿ ತೆಗೆದು, ಆ ತೂತಿಗೆ ಮುಚ್ಚಳ ಹಾಕಿ ಎಲ್ಲವನ್ನೂ ತಗಡಿನ ಡಬ್ಬಿಯೊಳಗೆ ಇಡಬಹುದು. ಅರ್ಧ ಪೈಂಟ್ ಎಣ್ಣೆ ಹಿಡಿಯುವ, ಪ್ರೈಮಸ್ ಕಂಪೆನಿಯ 96ನೇ ಮಾದರಿ ಈ ಜಾತಿಯದ್ದು. ಬರ್ನರಿನ ತಲೆಯ ಮೇಲೆ ಒಂದು ಚಪ್ಪಟೆ ತಟ್ಟೆ ಮಾತ್ರ ಇದ್ದರೆ ಅದು ಭೋರ್ಗರೆಯುವ ಬರ್ನರ್. ಸಣ್ಣ ತೂತುಗಳ ಟೊಪ್ಪಿ ಇದ್ದರೆ ಸದ್ದಿಲ್ಲದೆ ಉರಿಯುವಂಥದ್ದು. ಆ ಟೊಪ್ಪಿ ಕಳೆದುಹೋಗಿದ್ದರೆ ಹೊಂದುವ ಜೋಡಿ ಸಿಗುವುದು ಕಷ್ಟ. ಹಾಗಾಗಿ ಹೊಸಬರು ಗರ್ಜಿಸುವುದನ್ನೇ ಹಿಡಿಯಲಿ.

ಪ್ರೈಮಸ್ ಎಂದು ಹೆಸರಾದ, ಹೊಗೆಯಾಡದ ಈ ಒಲೆಯನ್ನು ಸ್ಟಾಕ್‌ಹೋಮಿನ ಲಿಂಡ್‌ಕ್ವಿಸ್ಟ್ 1892ರ ಹೊತ್ತಿಗೆ ಮಾಡಿದ. ಮುಂದೆ ಸ್ವೀಡನ್ನಿನಿಂದಲೇ ಆಪ್ಟಿಮಸ್, ಸ್ವೆಯಾ, ರೇಡಿಯಸ್ ಹೆಸರಿನ ಸ್ಟವ್‌ಗಳು ಬಂದವು. ನಮ್ಮಲ್ಲಿ ಮಾಡಿದ ನಕಲುಗಳಂತೂ ಲೆಕ್ಕವಿಲ್ಲದಷ್ಟು. ಟಾಂಕಿಯ ಮೇಲೆ, ಅಡಿಯಲ್ಲಿ, ಪಂಪಿನ ಹತ್ತಿರ ಒತ್ತಿದ ಅಕ್ಷರಗಳನ್ನು ಭೂತಗನ್ನಡಿ ಹಿಡಿದು ಓದಿ. ಪ್ರೈಮಸ್‌ನವರು 1911ರಿಂದ ಇಸವಿಗೊಂದು ಅಕ್ಷರ ಒತ್ತುತ್ತಿದ್ದರು, 'ಎ' ಇದ್ದರೆ 1911. ಅಕ್ಷರ ಕಾಣದಿದ್ದರೂ ಬೇಸರ ಬೇಡ. ನಕಲೂ ಚೆನ್ನಾಗಿಯೇ ಉರಿಯುತ್ತದೆ.

ಇನ್ನು ಮುಖ್ಯ ವಿಷಯ. ನನ್ನ ಮೊದಲ ಸ್ಟವ್ ಸಿಕ್ಕಿದ್ದು ನಮ್ಮದೇ ದನದ ಹಟ್ಟಿಯ ಅಟ್ಟದಲ್ಲಿ. ಬಿಂಬುಳಿಯ ಹುಳಿಕಾಯಿ ಅರೆದು ಎರಡು ದಿನ ತಿಕ್ಕಿ ಬಂಗಾರದ ಹಾಗೆ ಮಾಡಿದೆ. ಆಮೇಲೆ ಗಾಳಿ ತುಂಬಿ ಬಕೆಟ್ಟಿನ ನೀರಿನಲ್ಲಿ ಮುಳುಗಿಸಿದರೆ, ಟಾಂಕಿಯ ಸೊಂಟದ ಸುತ್ತ ಕೂದಲೆಳೆಯ ಬಿರುಕಿನಿಂದ ಗುಳ್ಳೆಯ ಸಾಲು! ಕಾರಣ ತಿಳಿದದ್ದು ಬಹಳ ತಡವಾಗಿ. ಒತ್ತಿ ಆಕಾರ ಕೊಟ್ಟಾಗಿನ ಬಿಗಿತ ಒಳಗೇ ಉಳಿದ ಹಿತ್ತಾಳೆಗೆ ತೇವ ಮತ್ತು ಅಮೋನಿಯಾ ಸೇರಿದರೆ ತಾನಾಗಿಯೇ ಬಿರಿಯುತ್ತದೆ. ಬ್ರಿಟಿಷ್ ಸೈನ್ಯದ ಬಂದೂಕಿನ ಹಿತ್ತಾಳೆ ತೋಟೆಗಳು ಭಾರತದ ಮಳೆಗಾಲದಲ್ಲಿ ಹೀಗೇ ಒಡೆಯುತ್ತಿದ್ದವಂತೆ. ಕುದುರೆ ಲಾಯದ ಮೂತ್ರದಿಂದ ಏಳುವ ಅಮೋನಿಯಾವೇ ಕಾರಣ ಎಂಬುದು 1921ರಲ್ಲಿ ವಿವರವಾಗಿ ತಿಳಿಯಿತು. ನಮ್ಮ ಹಟ್ಟಿಯಲ್ಲಿ ದನ, ಹೊರಗೆ ಆಷಾಢದ ಮಳೆ. ಇನ್ನೇನು ಬೇಕು?

ಆದ್ದರಿಂದ ಮೊದಲು ನೀರಿನ ಪರೀಕ್ಷೆ, ಕೊನೆಗೆ ಹೊಳಪು. ಬರ್ನರ್ ತೆಗೆದು ಆ ತೂತು ಮುಚ್ಚಿ, ಎಣ್ಣೆ ಹಾಕದೆ ಬರೀ ಗಾಳಿ ಹತ್ತು ಪಂಪು ಹೊಡೆದು ಮುಳುಗಿಸಿ. ಮುಚ್ಚಳದಲ್ಲಿ ಗುಳ್ಳೆ ಬಂದರೆ ವಾಶರ್ ಬದಲಿಸಿದರೆ ಸಾಕು. ಟಾಂಕಿಯ ಮೈಯಲ್ಲಿ ಬಂದರೆ ಅಥವಾ ಅಡಿ ಉಬ್ಬಿದ್ದರೆ ಅದನ್ನು ಕಪಾಟಿನಲ್ಲಿಟ್ಟು ನೋಡಿ ಸಂತೋಷಪಡಿ, ಉರಿಸಬೇಡಿ. ಬೆಸುಗೆ ಹಾಕಿಸಿ ಉರಿಸುವ ಧೈರ್ಯ ಕೆಲವರಿಗಿದೆ, ನನಗಿಲ್ಲ.

ಪಂಪು ಹೊಡೆದಾಗ ಹಿಡಿತವೇ ಇಲ್ಲವಾದರೆ ಪಂಪಿನ ಕಡ್ಡಿಯ ತುದಿಯಲ್ಲಿರುವ ಚರ್ಮದ ಬಟ್ಟಲು ಒಣಗಿದೆ. ಹಳೆ ಚಪ್ಪಲಿಯ ಮೆತ್ತನೆ ಚರ್ಮವನ್ನು ದುಂಡಗೆ ಕತ್ತರಿಸಿ, ತೆಂಗಿನೆಣ್ಣೆಯಲ್ಲಿ ಒಂದು ರಾತ್ರಿ ನೆನೆಸಿ, ಬಾಯಿ ಟಾಂಕಿಯ ಕಡೆಗೆ ಬರುವಂತೆ ಕೂರಿಸಿದರೆ ಆಯಿತು. (ಮಡಿಕೇರಿಯ ಭಾವನಿಗೆ ಹೀಗೆ ಮಾಡಿಕೊಟ್ಟಿದ್ದೆ. ಮಂಜಿನ ಬೆಳಿಗ್ಗೆ ಎಣ್ಣೆ ಗಟ್ಟಿಯಾಗಿ ಪಂಪು ಅಲ್ಲಾಡಲಿಲ್ಲವೆಂದು ಫೋನಿನಲ್ಲಿ ಬೈದ.) ಪಂಪಿನ ಕಡ್ಡಿ ತಾನಾಗಿ ಮೇಲೆ ಬಂದರೆ ಅಥವಾ ಪಂಪಿನ ಕೊಳವೆಯಲ್ಲಿ ಚಿಮಿಣಿ ಎಣ್ಣೆ ಕಂಡರೆ ರೋಗ ಬೇರೆ. ಕೊಳವೆಯ ತಳದಲ್ಲಿ ಗಾಳಿಯನ್ನು ಹಿಂದಕ್ಕೆ ಬಿಡದ ಸಣ್ಣ ವಾಲ್ವ್ ಇದೆ, ಅದರೊಳಗಿನ ಬಿರಡೆಯ ತುಂಡು ಕಲ್ಲಾಗಿದೆ. ಅದಕ್ಕೆಂದೇ ಇರುವ ಉದ್ದದ ಚಾವಿಯಿಂದ ಬಿಚ್ಚಿ, ಎಣ್ಣೆ ತಡೆಯುವ ರಬ್ಬರಿನ ಚೂರು ಕೂರಿಸಬೇಕು. ಬೇರೆ ಉಪಕರಣ ತುರುಕಿ ಹಲ್ಲು ಕೆಡಿಸಿದರೆ ಮುಗಿಯಿತು.

ಬರ್ನರಿನೊಳಗೆ ಮಸಿ ಕಟ್ಟಿದ್ದರೆ, ಅದನ್ನು ಬಿಚ್ಚಿ ಮಂದ ಕೆಂಪಾಗುವಷ್ಟು ಕಾಯಿಸಿ, ಆರಿದ ಮೇಲೆ ತಟ್ಟಿ ಉದುರಿಸಿ, ಸೈಕಲ್ ಪಂಪಿನಿಂದ ಊದಿ. ಹೆಚ್ಚು ಕಾಯಿಸಿದರೆ ಬೆಸುಗೆ ಬಿಡುತ್ತದೆ. ಕಳಚುವ ಬರ್ನರಿನ ಬುಡಕ್ಕೆ ಸೀಸದ ವಾಶರ್ ಹಾಕಿ. ಬಿಸಿಯಾಗುವ ಜಾಗ, ಅಲ್ಲಿ ರಬ್ಬರ್ ಸಲ್ಲದು. ಎಣ್ಣೆಯ ಆವಿ ಚಿಮ್ಮುವ ನಿಪ್ಪಲಿನ ತೂತು ಪಿನ್ನು ಚುಚ್ಚಿ ಚುಚ್ಚಿ ದೊಡ್ಡದಾಗಿದ್ದರೆ ಜ್ವಾಲೆ ಎಷ್ಟು ಮಾಡಿದರೂ ಹಳದಿಯೇ. ಹೊಸತು ಹಾಕಿ.

ಹೊತ್ತಿಸುವುದು ಅಂಗಳದಲ್ಲಿ. ಚಿಮಿಣಿ ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿ ಮುಕ್ಕಾಲು ಟಾಂಕಿ ತುಂಬಿ, ಪೆಟ್ರೋಲ್ ಒಂದು ಹನಿಯೂ ಬೇಡ. ಟಾಂಕಿಯ ಗಾಳಿ ಬಿಡುವ ಸ್ಕ್ರೂ ಸಡಿಲಿಸಿ, ಬರ್ನರಿನ ಕೆಳಗಿನ ಬಟ್ಟಲಿನಲ್ಲಿ ಸ್ಪಿರಿಟ್ ಹೊತ್ತಿಸಿ. ಅದು ಮುಗಿಯುತ್ತಾ ಬಂದಾಗ ಸ್ಕ್ರೂ ಬಿಗಿದು ಎರಡು ಮೂರು ಪಂಪು. ಕೊಳವೆ ಕಾದಿದ್ದರೆ ಎಣ್ಣೆ ಆವಿಯಾಗಿ ನೀಲಿ ಜ್ವಾಲೆ ಹಿಡಿಯುತ್ತದೆ. ಎತ್ತರದ ಹಳದಿ ಉರಿ ಎದ್ದರೆ ಗಾಬರಿ ಬೇಡ, ಅವಸರವಾಗಿದೆ ಅಷ್ಟೆ. ಸ್ಕ್ರೂ ತೆರೆಯಿರಿ, ನಂದುತ್ತದೆ. ಆರಲು ಬಿಟ್ಟು ಮತ್ತೆ ಸ್ಪಿರಿಟ್ಟಿನಿಂದ ಶುರು ಮಾಡಿ. ಎವರೆಸ್ಟ್ ಹತ್ತಿದ ದಿನ ಹಿಲರಿ ಮರಗಟ್ಟಿದ ಬೂಟುಗಳನ್ನು ಸ್ಟವ್ವಿನ ಮೇಲೆ ಕಾಯಿಸಿ ಮೆತ್ತಗೆ ಮಾಡಬೇಕಾಯಿತು. ನಮಗೆ ಒಂದು ಲೋಟ ಕಣ್ಣ ಚಹಾ (ಹಾಲಿಲ್ಲದ್ದು) ಆದರೆ ಸಾಕು.

ಪಾಲಿಶ್ ಬೇಕೆನಿಸಿದರೆ ಈಗ ಮಾಡಿ, ಮೂಗು ಕಟ್ಟುವಂಥ ಅಮೋನಿಯಾ ವಾಸನೆಯದ್ದು ಬೇಡ. ಬಿಂಬುಳಿಯೇ ಸಾಕು, ತಿಕ್ಕಿದ ಮೇಲೆ ಚೆನ್ನಾಗಿ ತೊಳೆದು ಒರೆಸಿ. ಎಣ್ಣೆ ಬಸಿದು, ಸ್ಕ್ರೂ ಸಡಿಲಿಸಿ, ಹಟ್ಟಿಯಿಂದ ದೂರದ ಕೋಣೆಯಲ್ಲಿ ಇಡಿ.