ಬ್ಲಾಕ್‌ಚೈನ್ ಡೊಮೈನ್ ಕೊಳ್ಳುವ ಮುಂಚೆ ಏನು ಮಾಡಬೇಕು?

ಹಳೆಯ ಡೊಮೈನನ್ನು ಬಿಡಬೇಡಿ, ಮೊದಲ ಕೆಲಸ ಇದೇ. ಡಾಟ್ ಕಾಮ್ ತರದ ಹೆಸರು ಐಕ್ಯಾನ್ (ಇಂಟರ್ನೆಟ್ ಹೆಸರುಗಳನ್ನು ನೋಡಿಕೊಳ್ಳುವ ಸಂಸ್ಥೆ) ವ್ಯವಸ್ಥೆಯಲ್ಲಿದೆ, ಎಲ್ಲ ಬ್ರೌಸರ್‌ನಲ್ಲೂ ತೆರೆಯುತ್ತದೆ. 2017ರಲ್ಲಿ ಶುರುವಾದ ಎಥೀರಿಯಂ ನೇಮ್ ಸರ್ವಿಸ್ (ಇಎನ್‌ಎಸ್) ಕೊಡುವ ಡಾಟ್ ಇಟಿಎಚ್ ಹೆಸರು ಹಾಗಲ್ಲ, ಅದು ಬ್ಲಾಕ್‌ಚೈನ್‌ನಲ್ಲಿ, ಅಂದರೆ ಹಲವು ಕಂಪ್ಯೂಟರ್‌ಗಳು ಹಂಚಿಕೊಂಡ ಲೆಕ್ಕದ ಪುಸ್ತಕದಲ್ಲಿ, ದಾಖಲಾಗಿರುತ್ತದೆ, ಹೆಚ್ಚಿನ ಬ್ರೌಸರ್‌ಗಳು ನೇರವಾಗಿ ತೆರೆಯುವುದಿಲ್ಲ. ಆದರೆ ವಾಲೆಟ್‌ನ (ಕ್ರಿಪ್ಟೋ, ಅಂದರೆ ಡಿಜಿಟಲ್ ಹಣ, ನಿಭಾಯಿಸುವ ಆ್ಯಪ್) ಉದ್ದನೆಯ ವಿಳಾಸದ ಬದಲು ಒಂದು ಸುಲಭದ ಹೆಸರು ಕೊಟ್ಟು ಕ್ರಿಪ್ಟೋ ಪಡೆಯೋದಕ್ಕೆ ನಿಜಕ್ಕೂ ಚೆನ್ನಾಗಿದೆ.

ಹೊಸದು ಕೊಳ್ಳಲೇಬೇಕಾ? ಬೇಕಿಲ್ಲ. ನಿಮ್ಮ ಡೊಮೈನ್‌ನಲ್ಲಿ ಡಿಎನ್‌ಎಸ್‌ಸೆಕ್ (ಡೊಮೈನ್ ದಾಖಲೆ ಅಸಲಿ ಎಂದು ಡಿಜಿಟಲ್ ಸಹಿಯಿಂದ ತೋರಿಸುವ ಸೌಲಭ್ಯ) ಆನ್ ಮಾಡಿ ಅದನ್ನೇ ಇಎನ್‌ಎಸ್‌ಗೆ ಜೋಡಿಸಬಹುದು. ನನಗೆ ಇದೇ ಜಾಸ್ತಿ ಇಷ್ಟ.

ಡಾಟ್ ಇಟಿಎಚ್ ಕೊಂಡರೆ ನವೀಕರಣದ ದಿನ ಬರೆದಿಡಿ. ವಾಲೆಟ್‌ನ ಸೀಡ್ ಪದಗಳನ್ನು (ವಾಲೆಟ್ ಮರಳಿ ಪಡೆಯಲು ಬೇಕಾದ ಗುಟ್ಟಿನ ಪದಗಳು) ಕಾಗದದಲ್ಲಿ ಬರೆದು ಜೋಪಾನವಾಗಿಡಿ, ದಯವಿಟ್ಟು ಫೋಟೋ ತೆಗೆಯಬೇಡಿ. ಕಳೆದುಕೊಂಡರೆ ಪಾಸ್‌ವರ್ಡ್ ಬದಲಿಸಿಕೊಡೋಕೆ ಅಲ್ಲಿ ಯಾರೂ ಇಲ್ಲ.