ಕುಡಿದು ಗಾಡಿ ಓಡಿಸಿದವರ ಕೋರ್ಟಿನಲ್ಲಿ ನನ್ನ ಕೆಲಸ

ಅಮೆರಿಕದ ಟೆಕ್ಸಾಸ್‌ನ ಒಂದು ಕೌಂಟಿಯ (ಜಿಲ್ಲೆಯಂಥದ್ದು) ಡಿಡಬ್ಲ್ಯುಐ, ಅಂದರೆ ಕುಡಿದು ಗಾಡಿ ಓಡಿಸಿದ ಕೇಸುಗಳ ಕೋರ್ಟಿನಲ್ಲಿ ನಾನು ವ್ಯಸನ ಚಿಕಿತ್ಸೆಯ ಕೌನ್ಸೆಲರ್. ಕುಡಿದು ಗಾಡಿ ಓಡಿಸಿ ಎರಡನೆಯದೋ ಮೂರನೆಯದೋ ಸಲ ಸಿಕ್ಕಿಬಿದ್ದವರನ್ನು ಪ್ರೊಬೇಷನ್ ಮೇಲೆ, ಅಂದರೆ ಜೈಲಿನ ಬದಲು ಕೋರ್ಟಿನ ನಿಗಾದಲ್ಲಿ ಹೊರಗೆ ಬಿಟ್ಟು, ಕುಡಿತ ಬಿಡಿಸಿ, ಬಿಟ್ಟ ಮೇಲೂ ಬಹಳ ದಿನ ಬೆನ್ನಿಗೆ ನಿಲ್ಲುವ ಕೋರ್ಟು ಇದು. ಮೈಸೂರಿನಲ್ಲಿ ಎಂ.ಎಸ್.ಡಬ್ಲ್ಯೂ ಓದುವಾಗ ಹಳ್ಳಿಗಳ ಮದ್ಯವರ್ಜನ ಶಿಬಿರಗಳಲ್ಲಿ ಕೆಲಸ ಮಾಡಿದ್ದೆ. ವಾರದ ಶಿಬಿರ ಮುಗಿಸಿ ಮನೆಗೆ ಹೋದವರು ಆಮೇಲೆ ಏನಾದರು ಅಂತ ನನ್ನಂಥ ವಿದ್ಯಾರ್ಥಿಗಳಿಗೆ ತಿಳಿಯುತ್ತಲೇ ಇರಲಿಲ್ಲ. ಇಲ್ಲಿ ಒಂದೂವರೆ ವರ್ಷ ಅದೇ ಮನುಷ್ಯನ ಮುಖ ನೋಡುತ್ತೇನೆ. ಈ ಕೆಲಸವನ್ನು ನಾನು ಬಿಡದೆ ಹಿಡಿದುಕೊಂಡಿರುವುದಕ್ಕೆ ಅದೇ ಕಾರಣ.

ಇಂಥ ಕೋರ್ಟುಗಳ ಮೂಲ 1989ರಲ್ಲಿ ಮಯಾಮಿಯಲ್ಲಿ ಮಾದಕ ವ್ಯಸನಿಗಳಿಗಾಗಿ ಶುರುವಾದ ಡ್ರಗ್ ಕೋರ್ಟ್. ಅದೇ ಮಾದರಿಯನ್ನು 1995ರಲ್ಲಿ ನ್ಯೂ ಮೆಕ್ಸಿಕೋದ ಲಾಸ್ ಕ್ರೂಸಸ್‌ನಲ್ಲಿ ಕುಡುಕ ಚಾಲಕರಿಗೆ ಒಗ್ಗಿಸಿದರು. ಕಾನೂನೇನೂ ಇಲ್ಲಿ ಮೆತ್ತಗಿಲ್ಲ. ಟೆಕ್ಸಾಸ್‌ನಲ್ಲಿ ಎರಡನೇ ಸಲಕ್ಕೆ ಒಂದು ವರ್ಷದವರೆಗೆ ಜೈಲು, ಮೂರನೇ ಸಲಕ್ಕೆ ಎರಡರಿಂದ ಹತ್ತು ವರ್ಷ. ಆದರೆ ಜೈಲಿಗೆ ಹೋಗಿ ಬಂದವನು ಬಂದ ದಿನವೇ ಬಾಟಲಿ ಹಿಡಿದರೆ ರಸ್ತೆಯ ಮೇಲಿರುವವರಿಗೆ ಏನು ರಕ್ಷಣೆ? 2022 ಒಂದೇ ವರ್ಷದಲ್ಲಿ ಅಮೆರಿಕದಲ್ಲಿ ಕುಡಿದು ಓಡಿಸಿದ ಅಪಘಾತಗಳಲ್ಲಿ 13,524 ಜನ ಸತ್ತರು.

ನಮ್ಮ ತಂಡದಲ್ಲಿ ಜಡ್ಜ್, ಸರ್ಕಾರಿ ವಕೀಲ, ಆರೋಪಿ ಪರ ವಕೀಲ, ಪ್ರೊಬೇಷನ್ ಅಧಿಕಾರಿ, ಒಬ್ಬ ಪೊಲೀಸ್ ಅಧಿಕಾರಿ ಮತ್ತು ನಾನು. ಕೋರ್ಟ್ ಶುರುವಾಗುವ ಮೊದಲು ಒಂದೇ ಮೇಜಿನ ಸುತ್ತ ಕೂತು ಅವತ್ತು ಬರುವವರ ವಿಷಯ ಒಂದೊಂದಾಗಿ ಮಾತಾಡುತ್ತೇವೆ. ಚಿಕಿತ್ಸೆಯ ಮಾಹಿತಿಗೆ ಇಲ್ಲಿ ಬಿಗಿಯಾದ ಗೋಪ್ಯತೆಯ ಕಾನೂನಿದೆ. ಸೇರುವಾಗಲೇ ಲಿಖಿತ ಒಪ್ಪಿಗೆ ಪಡೆದಿರುತ್ತೇವೆ. ಒಪ್ಪಿಗೆ ಇದ್ದರೂ ನಾನು ಮೇಜಿನ ಮೇಲಿಡುವುದು ಮೂರೇ ವಿಷಯ: ಬರುತ್ತಿದ್ದಾರಾ, ಮನಸ್ಸಿಟ್ಟು ತೊಡಗಿದ್ದಾರಾ, ಚಿಕಿತ್ಸೆ ಬದಲಾಯಿಸಬೇಕಾ. ಕೋಣೆಯೊಳಗೆ ಅತ್ತು ಹೇಳಿಕೊಂಡದ್ದು ಕೋಣೆಯೊಳಗೇ ಉಳಿಯಬೇಕು. ಅದು ಒಮ್ಮೆ ಹೊರಗೆ ಹೋದರೆ ಮುಂದಿನ ವಾರ ಅವರು ಬಾಯಿ ಬಿಡುವುದಿಲ್ಲ.

ನಾನು ಇಲ್ಲಿ ಕಲಿತದ್ದರಲ್ಲಿ ದೊಡ್ಡದು, ಯಾವುದನ್ನು ಯಾವಾಗ ಕೇಳಬೇಕು ಅನ್ನುವುದು. ಮೊದಲ ತಿಂಗಳುಗಳಲ್ಲಿ ಎರಡೇ ಬೇಡಿಕೆ: ಬರಲೇಬೇಕು, ಸುಳ್ಳು ಹೇಳಬಾರದು. ಇವೆರಡು ಯಾರ ಕೈಯಲ್ಲಾದರೂ ಆಗುವಂಥವು, ಮೊದಲ ದಿನದಿಂದಲೇ. ಕುಡಿತ ಪೂರ್ತಿ ನಿಲ್ಲುವುದಕ್ಕೆ ಸಮಯ ಬೇಕು, ಅದು ಕಾಯಿಲೆ. ಕಾಯಿಲೆ ಮರುಕಳಿಸಿದ್ದಕ್ಕೆ ಜೈಲು, ಸುಳ್ಳಿಗೆ ಬರೀ ಎಚ್ಚರಿಕೆ ಅಂತಾದರೆ ಎಲ್ಲರೂ ಸುಳ್ಳನ್ನೇ ಕಲಿಯುತ್ತಾರೆ.

ಒಂದು ದಿನದ ಕಲಾಪ ಹೇಳುತ್ತೇನೆ. ಮನೆಗಳಿಗೆ ಛಾವಣಿ ಹೊದಿಸುವ ಕೆಲಸದವನೊಬ್ಬ ಎದ್ದು ನಿಂತ. ಹಿಂದಿನ ಶನಿವಾರ ಅಣ್ಣನ ಮನೆಯಲ್ಲಿ ಬಿಯರ್ ಕುಡಿದಿದ್ದ, ಭಾನುವಾರ ಬೆಳಿಗ್ಗೆ ತಾನೇ ಪ್ರೊಬೇಷನ್ ಅಧಿಕಾರಿಗೆ ಫೋನ್ ಮಾಡಿ ಹೇಳಿದ್ದ. ಜಡ್ಜ್ ಕೇಳಿದರು, “ಯಾರೂ ಹಿಡಿದಿರಲಿಲ್ಲವಲ್ಲ, ಯಾಕೆ ಹೇಳಿದೆ?” ಆತ ಸ್ವಲ್ಪ ಹೊತ್ತು ಟೋಪಿ ತಿರುಗಿಸುತ್ತಾ ನಿಂತು, “ಹೇಳದಿದ್ದರೆ ಸಂಜೆ ಮತ್ತೆ ಕುಡೀತಿದ್ದೆ” ಅಂದ. ಶಿಕ್ಷೆ ಆಗಲಿಲ್ಲ. ವಾರಕ್ಕೆ ಇನ್ನೊಂದು ಗುಂಪು ಚಿಕಿತ್ಸೆ ಸೇರಿಸಿದೆವು, ಶನಿವಾರ ಸಂಜೆ ಎಲ್ಲಿರುತ್ತೀಯ ಅಂತ ಬರೆದು ತರಲು ಹೇಳಿದೆವು. ಅವನ ಹಿಂದೆಯೇ ಬಂದವನು ಮೂತ್ರ ಪರೀಕ್ಷೆ ತಪ್ಪಿಸಿಕೊಂಡು, ಗಾಡಿ ಕೆಟ್ಟಿತ್ತು ಅಂದ. ಅವತ್ತು ಅದೇ ಹೊತ್ತಿಗೆ ಅವನ ಗಾಡಿಯ ಬ್ರೆತ್ ಲಾಕ್ ಯಂತ್ರದಲ್ಲಿ (ಊದಿ ಕುಡಿದಿಲ್ಲ ಅಂತ ತೋರಿಸಿದರಷ್ಟೇ ಗಾಡಿ ಶುರುವಾಗಲು ಬಿಡುವಂಥದ್ದು) ಊದಿದ ದಾಖಲೆ ಇತ್ತು. ಅವನು ಆ ವಾರಾಂತ್ಯ ಜೈಲಿನಲ್ಲಿ ಕಳೆದ. ಕುಡಿದವನು ಮನೆಗೆ ಹೋದ, ಸುಳ್ಳು ಹೇಳಿದವನು ಒಳಗೆ ಹೋದ. ಬೆಂಚಿನ ಮೇಲೆ ಕೂತವರೆಲ್ಲ ಇದನ್ನು ನೋಡಿದರು. ನನ್ನ ಎಷ್ಟೋ ಗಂಟೆಗಳ ಮಾತು ಮಾಡಲಾಗದ್ದನ್ನು ಆ ಹತ್ತು ನಿಮಿಷ ಮಾಡಿತು.

ಜಡ್ಜ್ ಒಬ್ಬೊಬ್ಬರ ಜೊತೆ ಕನಿಷ್ಠ ಮೂರು ನಿಮಿಷ ಮಾತಾಡಿದರೆ ಫಲಿತಾಂಶ ಚೆನ್ನಾಗಿರುತ್ತದೆ ಅಂತ ಇಂಥ ಕೋರ್ಟುಗಳ ಅಧ್ಯಯನದಿಂದ ತಿಳಿದಿದೆ. ನಮ್ಮ ಜಡ್ಜ್, ಎದುರು ನಿಂತವರ ಮಗಳ ಪರೀಕ್ಷೆ, ಬೆನ್ನುನೋವು, ಹೊಸ ಕೆಲಸ ಎಲ್ಲವನ್ನೂ ನೆನಪಿಟ್ಟು ಕೇಳುತ್ತಾರೆ. ಒಂದು ಶಿಕ್ಷೆಗೆ ನಾಲ್ಕು ಮೆಚ್ಚುಗೆ ಇರಬೇಕು ಅನ್ನುವ ಲೆಕ್ಕವೂ ಇದೆ. ತಿಂಗಳು ಪೂರ್ತಿ ಕುಡಿಯದೆ ಇದ್ದವರಿಗೆ ಕೋರ್ಟೇ ಎದ್ದು ಚಪ್ಪಾಳೆ ತಟ್ಟುತ್ತದೆ. ಬದುಕಿನಲ್ಲಿ ಕೋರ್ಟಿನಿಂದ ಬರೀ ಬೈಗುಳ ಕೇಳಿದವರಿಗೆ ಅದು ಎಂಥ ವಿಷಯ ಅಂತ ಅವರ ಮುಖ ನೋಡಿದರೆ ಗೊತ್ತಾಗುತ್ತದೆ.

ಪರೀಕ್ಷೆಯ ವಿಷಯ. ಪ್ರತಿಯೊಬ್ಬರಿಗೂ ಒಂದು ಬಣ್ಣ. ದಿನಾ ಬೆಳಿಗ್ಗೆ ಒಂದು ನಂಬರಿಗೆ ಫೋನ್ ಮಾಡಬೇಕು, ರೆಕಾರ್ಡಿಂಗ್‌ನಲ್ಲಿ ತಮ್ಮ ಬಣ್ಣ ಬಂದರೆ ಅವತ್ತೇ ಹೋಗಿ ಮೂತ್ರ ಕೊಡಬೇಕು. ಉಸಿರಿನ ಪರೀಕ್ಷೆ ಕೆಲವು ಗಂಟೆಗಳದ್ದಷ್ಟೇ ಹೇಳುತ್ತದೆ. ಮೂತ್ರದ ಇಟಿಜಿ ಪರೀಕ್ಷೆ ಎರಡು ಮೂರು ದಿನ ಹಿಂದಿನ ಕುಡಿತವನ್ನೂ ತೋರಿಸುತ್ತದೆ. ಬಿಂದಿಗೆಗಟ್ಟಲೆ ನೀರು ಕುಡಿದು ಬಂದರೆ ಮೂತ್ರದಲ್ಲಿ ಸಹಜವಾಗಿ ಇರುವ ಕ್ರಿಯಾಟಿನಿನ್ ಅನ್ನುವ ಅಂಶ ಇಳಿದಿರುತ್ತದೆ, ಅದೂ ಸಿಕ್ಕಿಬೀಳುತ್ತದೆ. ಕೆಲವರ ಕಾಲಿಗೆ ಬಳೆಯಂಥ ಯಂತ್ರ ಕಟ್ಟುತ್ತಾರೆ, ಅರ್ಧ ಗಂಟೆಗೊಮ್ಮೆ ಚರ್ಮದ ಬೆವರಿನ ಆವಿಯಲ್ಲಿ ಆಲ್ಕೋಹಾಲ್ ಇದೆಯಾ ಅಂತ ನೋಡುತ್ತದೆ. ಆಲ್ಕೋಹಾಲ್ ಇರುವ ಪರ್ಫ್ಯೂಮ್, ಸ್ಯಾನಿಟೈಸರ್, ಮೌತ್‌ವಾಶ್ ಬಗ್ಗೆ ಮೊದಲೇ ಕೂರಿಸಿ ಹೇಳಿಬಿಡುತ್ತೇನೆ, ಆಮೇಲೆ ವಾದಕ್ಕೆ ಜಾಗ ಇರಬಾರದು.

ಕೋರ್ಟು “ಇವತ್ತಿನಿಂದ ಕುಡಿಯಬೇಡ” ಅನ್ನುವುದು ಸುಲಭ. ದಿನವಿಡೀ ಕುಡಿಯುತ್ತಿದ್ದವನು ಏಕಾಏಕಿ ನಿಲ್ಲಿಸಿದರೆ ಕೈ ನಡುಗಿ, ಫಿಟ್ಸ್ ಬಂದು, ಭ್ರಮೆ ಹತ್ತಿ ಪ್ರಾಣಕ್ಕೇ ಕುತ್ತಾಗಬಹುದು. ಹಾಗಾಗಿ ಸೇರುವ ದಿನವೇ ನಾನು ಕೇಳುವುದು, ಬೆಳಿಗ್ಗೆ ಎದ್ದಾಗ ಕೈ ನಡುಗುತ್ತಾ? ಹೌದು ಅಂದರೆ ಮೊದಲು ಆಸ್ಪತ್ರೆ, ಆಮೇಲೆ ಉಳಿದದ್ದು. ಕುಡಿತ ಬಿಡಲು ನೆರವಾಗುವ ನಾಲ್ಟ್ರೆಕ್ಸೋನ್, ಅಕ್ಯಾಂಪ್ರೊಸೇಟ್ ಥರದ ಔಷಧಿಗಳನ್ನು ಡಾಕ್ಟರು ಬರೆದರೆ ತೆಗೆದುಕೊಳ್ಳಿ ಅಂತ ಒತ್ತಿ ಹೇಳುತ್ತೇನೆ. “ಮಾತ್ರೆ ಬೇಡ, ಮನಸ್ಸು ಗಟ್ಟಿ ಮಾಡ್ಕೊಂಡ್ರೆ ಸಾಕು” ಅನ್ನುವ ಮಾತು ನಮ್ಮೂರಲ್ಲೂ ಕೇಳಿದ್ದೆ, ಇಲ್ಲೂ ಕೇಳುತ್ತೇನೆ. ಸಕ್ಕರೆ ಕಾಯಿಲೆಯವರಿಗೆ ಯಾರೂ ಹಾಗೆ ಹೇಳುವುದಿಲ್ಲ.

ನಮ್ಮವರ ಬಗ್ಗೆಯೂ ಹೇಳಲೇಬೇಕು. ಐಟಿ ಕೆಲಸದ ಭಾರತೀಯರು ಇದರಲ್ಲಿ ಸಿಗುವುದಿಲ್ಲ ಅನ್ನುವುದು ತಪ್ಪು ಕಲ್ಪನೆ. ಒಬ್ಬರ ಹೆಂಡತಿ ಕನ್ನಡದಲ್ಲಿ ಮಾತಾಡಬಹುದು ಅಂತ ಗೊತ್ತಾದ ಕೂಡಲೇ ನನ್ನ ಕೈ ಹಿಡಿದುಕೊಂಡು, “ಮೇಡಂ, ಇವ್ರು ಮನೇಲಿ ಕುಡಿಯೋದೇ ಇಲ್ಲ, ಪಾರ್ಟೀಲಿ ಮಾತ್ರ. ಊರಲ್ಲಿ ಅತ್ತೆಗೆ ಗೊತ್ತಾದ್ರೆ ಏನ್ ಹೇಳ್ಲಿ?” ಅಂದರು. ಅತ್ತೆಯ ವಿಷಯ ಆಮೇಲೆ ನೋಡೋಣ, ಮೊದಲು ವಲಸೆ ಕಾನೂನು ತಿಳಿದ ವಕೀಲರನ್ನು ಹಿಡಿಯಿರಿ ಅಂದೆ. ತಪ್ಪೊಪ್ಪಿಕೊಂಡು ಪ್ರೋಗ್ರಾಮ್ ಸೇರಿದರೆ, ಮುಂದೆ ರಾಜ್ಯದ ಕೋರ್ಟು ಕೇಸ್ ವಜಾ ಮಾಡಿದರೂ ವಲಸೆ ಕಾನೂನಿನ ಲೆಕ್ಕದಲ್ಲಿ ಅದು ಅಪರಾಧ ಸಾಬೀತಾದಂತೆಯೇ ಉಳಿಯಬಹುದು. 2015ರಿಂದ ಇನ್ನೊಂದು ನಿಯಮವಿದೆ: ಕುಡಿದು ಓಡಿಸಿ ಬಂಧನವಾದರೆ ಸಾಕು, ತೀರ್ಪಿಗೆ ಮೊದಲೇ ಪಾಸ್‌ಪೋರ್ಟಿನಲ್ಲಿರುವ ವೀಸಾ ರದ್ದಾಗಬಹುದು. ಅಷ್ಟಕ್ಕೇ ಇಲ್ಲಿನ ಕೆಲಸ ಸಾಮಾನ್ಯವಾಗಿ ಹೋಗುವುದಿಲ್ಲ, ಆದರೆ ಊರಿಗೆ ಹೋದವರು ಮರಳಲು ಹೊಸ ವೀಸಾ ಬೇಕು, ಅದಕ್ಕೆ ಕಾನ್ಸುಲೇಟ್ ಗೊತ್ತುಮಾಡಿದ ಡಾಕ್ಟರ ತಪಾಸಣೆ ಬೇಕು. ತಂದೆಗೆ ಹುಷಾರಿಲ್ಲ ಅಂತ ಫೋನ್ ಬಂದ ರಾತ್ರಿ ಇದು ಗೊತ್ತಾಗುವುದಕ್ಕಿಂತ ಮೊದಲೇ ಗೊತ್ತಿದ್ದರೆ ಒಳ್ಳೆಯದು.

ನಮ್ಮ ಕೌಂಟಿಯಲ್ಲಿ ಬಸ್ಸು ಇಲ್ಲವೆನ್ನುವಷ್ಟು ಕಡಿಮೆ. ಲೈಸೆನ್ಸ್ ಹೋದವರು ಕೆಲಸ, ಪರೀಕ್ಷೆ, ಗುಂಪು ಚಿಕಿತ್ಸೆ ಎಲ್ಲಕ್ಕೂ ಹೇಗೆ ಬರಬೇಕು? ಮೊದಲ ಸಭೆಯಲ್ಲೇ ನಾವು ವಾರದ ಏಳೂ ದಿನದ ಓಡಾಟ ಕಾಗದದ ಮೇಲೆ ಬರೆಯುತ್ತೇವೆ: ಯಾರು ಕರೆತರುತ್ತಾರೆ, ಅವರು ಕೈಕೊಟ್ಟರೆ ಯಾರು. ಬ್ರೆತ್ ಲಾಕ್ ಹಾಕಿಸಿ ಕೆಲಸದಂಥ ಅಗತ್ಯಗಳಿಗಷ್ಟೇ ಓಡಿಸುವ ಸೀಮಿತ ಲೈಸೆನ್ಸಿಗೆ ಅರ್ಜಿ ಹಾಕಿಸುತ್ತೇವೆ. ಈ ಕಾಗದ ತುಂಬದೆ ನಾನು ಯಾರನ್ನೂ ಮನೆಗೆ ಕಳಿಸುವುದಿಲ್ಲ.

ಕೊನೆಯ ಹಂತದಲ್ಲಿ ಪರೀಕ್ಷೆಗಳನ್ನು ಒಂದೇ ಸಲ ನಿಲ್ಲಿಸಬಾರದು ಅನ್ನುವುದು ನನ್ನ ಹಟ. ಕೋರ್ಟಿಗೆ ಬರುವುದು ಮೊದಲು ಕಡಿಮೆಯಾಗಲಿ, ಗುಂಪು ಚಿಕಿತ್ಸೆ ಆಮೇಲೆ, ಪರೀಕ್ಷೆ ಎಲ್ಲಕ್ಕಿಂತ ಕೊನೆಗೆ. ಗಾಡಿಯಿಂದ ಬ್ರೆತ್ ಲಾಕ್ ತೆಗೆಸುವ ಆದೇಶ ಬಂದ ಮೇಲೂ ಇನ್ನು ಕೆಲವು ತಿಂಗಳು ಸ್ವಂತ ಖರ್ಚಿನಲ್ಲಿ ಇಟ್ಟುಕೊಳ್ಳಿ ಅಂತ ಕೇಳುತ್ತೇನೆ. ಆ ಛಾವಣಿ ಕೆಲಸದವನು ಇಟ್ಟುಕೊಂಡಿದ್ದಾನೆ. ಈಗ ನಮ್ಮ ಗುಂಪಿಗೆ ಹೊಸಬರು ಬಂದರೆ ಮೊದಲ ವಾರ ಅವರನ್ನು ತನ್ನ ಗಾಡಿಯಲ್ಲೇ ಕರೆತರುತ್ತಾನೆ.