ಮೊಬೈಲ್ ಹೋಮ್‌ಗೆ ಮರದ ನೆಲ ಹಾಕೋದು ಹೇಗೆ? ಮೊದಲು ಮನೆ ಕೆಳಗೆ ನುಗ್ಗಿ ನೋಡಿ

ಅಮೆರಿಕದಲ್ಲಿ ಮೊಬೈಲ್ ಹೋಮ್ ಅಂದ್ರೆ ಫ್ಯಾಕ್ಟರಿಲೇ ಕಟ್ಟಿ, ಉಕ್ಕಿನ ಚಾಸಿ ಸಮೇತ ಎಳ್ಕೊಂಡು ಬಂದು ಜಾಗದಲ್ಲಿ ಕೂರಿಸೋ ಮನೆ. 1976ರ ಜೂನ್ 15ರಿಂದ ಹಡ್ ಕೋಡ್, ಅಂದ್ರೆ ಇಂಥ ಮನೆ ಹೇಗೆ ಕಟ್ಬೇಕು ಅಂತ ಅಲ್ಲಿನ ಕೇಂದ್ರ ವಸತಿ ಇಲಾಖೆ (HUD) ಮಾಡಿದ ನಿಯಮ, ಜಾರಿಗೆ ಬಂತು, ಆಮೇಲೆ ಕಟ್ಟಿದ್ದಕ್ಕೆಲ್ಲ ಮ್ಯಾನುಫ್ಯಾಕ್ಚರ್ಡ್ ಹೋಮ್ ಅಂತ ಹೆಸರು, ಆದ್ರೆ ಬಾಯಲ್ಲಿ ಈಗ್ಲೂ ಮೊಬೈಲ್ ಹೋಮೇ. ರೆಡ್ ಆಕ್ಸೈಡ್ ನೆಲದ ಮೇಲೆ ಬೆಳೆದ ನಮ್ಮಂಥೋರು ಒಂದು ಮಾತು ತಿಳ್ಕೊಂಡಿರಬೇಕು, ಈ ಮನೆ ನೆಲದಡಿ ಟೊಳ್ಳು. ಮೇಲಿಂದ ಶೀಟು, ಅದರ ಕೆಳಗೆ ಜಾಯಿಸ್ಟ್ ಅಂದ್ರೆ ಮರದ ತೊಲೆಗಳು, ಮಧ್ಯೆ ಹೀಟರ್ ಗಾಳಿ ಹೋಗೋ ಡಕ್ಟು, ನೀರಿನ ಪೈಪು, ಇನ್ಸುಲೇಶನ್, ಎಲ್ಲದರ ಅಡಿಯಲ್ಲಿ ಒಂದು ಕಪ್ಪು ಹೊದಿಕೆ, ಆಮೇಲೆ ಬರೀ ಮಣ್ಣು.

ಅದಕ್ಕೇ ಹಲಗೆ ತರೋಕೆ ಮುಂಚೆ ಸ್ಕರ್ಟಿಂಗ್, ಅಂದ್ರೆ ಮನೆ ಬುಡದ ಸುತ್ತ ಹೊರಗಿಂದ ಮುಚ್ಚಿರೋ ಮರೆ, ಬಿಚ್ಚಿ ಟಾರ್ಚ್ ಹಿಡ್ಕೊಂಡು ಒಳಗೆ ನುಗ್ಗಿ. ಪೈಪ್ ಸೋರ್ತಿದ್ಯಾ, ಕಪ್ಪು ಹೊದಿಕೆ ಹರಿದು ಜೋತು ಬಿದ್ದಿದ್ಯಾ, ಮಣ್ಣಿನ ಮೇಲೆ 6 ಮಿಲ್ (ಮಿಲ್ಲಿಮೀಟರ್ ಅಲ್ಲ, ಇಂಚಿನ ಸಾವಿರದಲ್ಲಿ 6 ಪಾಲು) ದಪ್ಪದ ಪ್ಲಾಸ್ಟಿಕ್ ಹಾಸಿದ್ಯಾ, ಎಲ್ಲಾ ನೋಡ್ಕೊಳ್ಳಿ. ಮಣ್ಣಿನ ತೇವ ಮೇಲೆ ಬಂತು ಅಂದ್ರೆ ಎಷ್ಟೇ ದುಬಾರಿ ಓಕ್ ಆಗಿರ್ಲಿ ಹಲಗೆ ಅಂಚು ಎದ್ದು ದೋಣಿ ಥರ ಆಗುತ್ತೆ. ಮನೆ ಒಂದು ಕಡೆ ಕುಸಿದಿದ್ರೆ ಮೊದಲು ಲೆವೆಲ್ ಮಾಡಿಸ್ಬೇಕು, ಅದು ಜ್ಯಾಕ್ ಕೊಟ್ಟು ಎತ್ತೋ ಕೆಲಸ, ದಯವಿಟ್ಟು ಗೊತ್ತಿರೋರ ಕೈಲೇ ಮಾಡ್ಸಿ.

ಇನ್ನು ಒಳಗೆ. ಹಳೇ ಕಾರ್ಪೆಟ್ ಕಿತ್ತು ಬಿಸಾಕಿ, ಆದ್ರೆ 80ರ ದಶಕಕ್ಕಿಂತ ಹಳೇ ವಿನೈಲ್ ನೆಲಹಾಸು ಇದ್ರೆ ಅದರಲ್ಲಿ ಆಸ್ಬೆಸ್ಟಾಸ್, ಅಂದ್ರೆ ಉಸಿರಲ್ಲಿ ಹೋದ್ರೆ ಶ್ವಾಸಕೋಶ ಕೆಡಿಸೋ ನಾರು, ಇರಬಹುದು, ಟೆಸ್ಟ್ ಮಾಡಿಸದೆ ಕೆರೆಯೋಕೆ ಹೋಗ್ಬೇಡಿ. ಜಾಯಿಸ್ಟ್ ಮೇಲಿನ ಶೀಟಾಗಿ ತುಂಬಾ ಮನೆಗಳಲ್ಲಿ ಸಿಗೋದು ಪಾರ್ಟಿಕಲ್ ಬೋರ್ಡ್, ಅಂದ್ರೆ ಮರದ ಪುಡಿ ಅಂಟು ಹಾಕಿ ಒತ್ತಿದ್ದು. ನೀರು ಬಿದ್ರೆ ಉಬ್ಬಿ ಉದುರುತ್ತೆ, ಬಾತ್‌ರೂಮ್ ಬಾಗಿಲು, ವಾಟರ್ ಹೀಟರ್ ಸುತ್ತ ಕಾಲಲ್ಲಿ ಒತ್ತಿ ನೋಡಿದ್ರೆ ಗೊತ್ತಾಗುತ್ತೆ. ಮುಖ್ಯವಾಗಿ ಅದು ಮೊಳೆ ಹಿಡಿಯಲ್ಲ. ಮುಕ್ಕಾಲು ಇಂಚಿನ ಗಟ್ಟಿ ಮರ ಮೊಳೆ ಹೊಡೆದು ಹಾಕೋದೇ ಆದ್ರೆ ಆ ಬೋರ್ಡ್ ಕಿತ್ತು ಪ್ಲೈವುಡ್ ಹಾಕ್ಬೇಕು, ಒಳಗಿನ ಗೋಡೆಗಳು ಆ ಬೋರ್ಡ್ ಮೇಲೇ ನಿಂತಿರೋದ್ರಿಂದ ಗೋಡೆ ಅಂಚಿಗೆ ಕತ್ತರಿಸಿ, ಕೆಳಗೆ ಆಧಾರಕ್ಕೆ ರೀಪು ಕೊಟ್ಟು ಮಾಡೋ ದೊಡ್ಡ ಕೆಲಸ ಅದು.

ನನ್ನ ಕೇಳಿದ್ರೆ ಎಂಜಿನಿಯರ್ಡ್ ಹಾರ್ಡ್‌ವುಡ್ ತಗೊಳ್ಳಿ. ಮೇಲೆ ನಿಜವಾದ ಮರದ ಪದರ, ಕೆಳಗೆ ಪ್ಲೈ, ಹೀಗಾಗಿ ಹವೆಗೆ ಕಡಿಮೆ ಹಿಗ್ಗುತ್ತೆ. ಅಂಚಿಗೆ ಅಂಚು ಕಚ್ಚಿಸಿ ಕ್ಲಿಕ್ ಮಾಡಿ ಕೂರಿಸೋ ಥರದ್ದಾದ್ರೆ ಮೊಳೆಯೇ ಬೇಡ, ಬೋರ್ಡ್ ಗಟ್ಟಿಯಾಗಿ ಒಣಗಿದ್ರೆ ಅದರ ಮೇಲೇ ಫೋಮ್ ಹಾಸಿ ಹಾಕ್ಬಹುದು, ಪೈಪಿಗೆ ಮೊಳೆ ತಾಗೋ ಭಯಾನೂ ಇಲ್ಲ. ಲೆಕ್ಕಕ್ಕಿಂತ 10% ಜಾಸ್ತಿ ತರ್ಸಿ.

ಹಲಗೆ ಮನೆಗೆ ಬಂದ ಮೇಲೆ ಹೀಟರ್ರೋ ಎಸಿನೋ ದಿನಾ ಇರೋ ಹಾಗೇ ಓಡಿಸಿ ಕೆಲವು ದಿನ ಬಿಡಿ, ಎಷ್ಟು ದಿನ ಅಂತ ಪೆಟ್ಟಿಗೆ ಮೇಲೇ ಇರುತ್ತೆ. ತೇವ ಅಳೆಯೋ ಮೊಯಿಶ್ಚರ್ ಮೀಟರ್ ಇಟ್ಟು ನೋಡಿ, ಕೆಳಗಿನ ಶೀಟಿನ ತೇವ 12%ಗಿಂತ ಕಡಿಮೆ ಇರಬೇಕು, ಅಗಲದ ಹಲಗೆಗೂ ಅದಕ್ಕೂ ವ್ಯತ್ಯಾಸ 2% ದಾಟಬಾರದು. ರಸಮಟ್ಟ ಇಟ್ಟು 10 ಅಡಿಗೆ 3/16 ಇಂಚಿಗಿಂತ ಏರುತಗ್ಗು ಇದ್ರೆ ಉಬ್ಬನ್ನ ತಿಕ್ಕಿ, ತಗ್ಗನ್ನ ತುಂಬಿ. ಕಿರ್ ಅನ್ನೋ ಕಡೆ ಜಾಯಿಸ್ಟ್‌ಗೆ ಸ್ಕ್ರೂ ಹಾಕಿ, ಈಗ ಬಿಟ್ರೆ ಆಮೇಲೆ ಕೈಗೆ ಸಿಗಲ್ಲ.

ಹಲಗೆ ಸಾಲು ಜಾಯಿಸ್ಟ್‌ಗೆ ಅಡ್ಡ ಬರೋ ಹಾಗೆ ಶುರು ಮಾಡಿ. ಈ ಮನೆಗಳ ಗೋಡೆ ಎಲ್ಲಾ ಕಡೆ ನೇರ ಇರುತ್ತೆ ಅನ್ನೋ ಹಾಗಿಲ್ಲ, ಹಾಗಾಗಿ ದಾರ ಹೊಡೆದು ಗೆರೆ ಎಳೆದು ಅದಕ್ಕೇ ಮೊದಲ ಸಾಲು ಕೂರಿಸಿ. ಗೋಡೆ ಸುತ್ತ ಅರ್ಧ ಇಂಚು ಜಾಗ ಬಿಡ್ಬೇಕು, ಕ್ಯಾಬಿನೆಟ್ ಕೆಳಗೆ ನುಗ್ಗಿಸ್ಬೇಡಿ, ಪಕ್ಕಪಕ್ಕದ ಸಾಲಿನ ಜಾಯಿಂಟು ಕನಿಷ್ಠ 6 ಇಂಚು ದೂರ ಇರ್ಲಿ. ಹೀಟರ್ ಗಾಳಿ ಬರೋ ತೂತುಗಳನ್ನ ಮೊದಲೇ ಅಳೆದು ಕತ್ತರಿಸಿಕೊಳ್ಳಿ.

ಡಬಲ್ ವೈಡ್, ಅಂದ್ರೆ ಎರಡು ಭಾಗವಾಗಿ ತಂದು ಜಾಗದಲ್ಲಿ ಜೋಡಿಸೋ ಮನೆ ಆದ್ರೆ ಆ ಎರಡು ಭಾಗ ಸೇರೋ ಗೆರೆ ಮನೆ ಉದ್ದಕ್ಕೂ ಇರುತ್ತೆ, ಎರಡೂ ಕಡೆ ಒಂದೇ ಥರ ಅಲುಗಲ್ಲ. ಅಲ್ಲಿ ಹಲಗೆ ನಿಲ್ಲಿಸಿ ಟಿ ಮೋಲ್ಡಿಂಗ್, ಅಂದ್ರೆ ಸಂದು ಮುಚ್ಚೋ T ಆಕಾರದ ಪಟ್ಟಿ, ಕೊಡೋದೇ ಸರಿ. ಕೊನೆಗೆ ಗೋಡೆ ಬದಿ ಪಟ್ಟಿ ಹೊಡೆಯುವಾಗ ಮೊಳೆ ಗೋಡೆಗೆ ಹೋಗ್ಬೇಕು, ಹಲಗೆಗಲ್ಲ, ಇಲ್ಲಾಂದ್ರೆ ಬಿಟ್ಟ ಅರ್ಧ ಇಂಚು ವೇಸ್ಟು.